ಯಾರು ಹೇಳಿದ್ದು, ಯಾವಾಗ ಹೇಳಿದ್ದು? ಅಮೆರಿಕದ ಗೋರಿಕಲ್ಲು ಮತ್ತು ಕೌಂಟಿ ಕಡತ ಓದುವವರಿಗೆ ಟಿಪ್ಪಣಿ

ನಮ್ಮ ಕಡೆ ಹೆಳವರು ಎತ್ತಿನ ಜೊತೆ ಮನೆ ಬಾಗಿಲಿಗೆ ಬಂದು, ಹೊತ್ತಗೆ ಬಿಚ್ಚಿ, ಮುತ್ತಜ್ಜನ ಮುತ್ತಜ್ಜನವರೆಗೂ ಹೆಸರು ಹೇಳುತ್ತಾರೆ. ಅಮೆರಿಕದಲ್ಲಿ ಹಾಗೆ ಬಂದು ಹೇಳುವವರಿಲ್ಲ. ವಂಶ ಹುಡುಕುವವರು ತಾವೇ ಎರಡು ಕಡೆ ಅಲೆಯಬೇಕು. ಒಂದು ಊರಿನ ಸ್ಮಶಾನ, ಇನ್ನೊಂದು ಕೌಂಟಿ (ಜಿಲ್ಲೆ) ಕಚೇರಿ. ಇವೆರಡನ್ನೂ ಜೋಡಿಸಿ ಓದುವುದು ಹೇಗೆ ಅನ್ನುವುದೇ ಈ ಟಿಪ್ಪಣಿಯ ವಿಷಯ.

ಉದಾಹರಣೆಗೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕೌಂಟಿಯನ್ನು ತೆಗೆದುಕೊಂಡಿದ್ದೇನೆ. ಮೆಕ್ಸಿಕೋ ಗಡಿಗೆ ಅಂಟಿಕೊಂಡ ಮರಳುಗಾಡು ಅದು. 1901ರಲ್ಲಿ ಕೊಲೊರಾಡೊ ನದಿಯ ನೀರು ಹರಿದ ಮೇಲೆ ಅಲ್ಲಿ ಬೇಸಾಯ ಶುರುವಾಯಿತು. ಕೆಲಸ ಹುಡುಕಿಕೊಂಡು ಪಂಜಾಬಿನ ರೈತರು ಬಂದರು. ಅವರಲ್ಲಿ ಎಷ್ಟೋ ಜನ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತರು. ಈ ಸಂಸಾರಗಳ ಕಥೆ ಒಂದೇ ಕಡತದಲ್ಲಿ ಸಿಗುವುದಿಲ್ಲ. ಹಾಗಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಯಾವ ದಾಖಲೆ ಕೈಗೆ ಬಂದರೂ ಎರಡು ಪ್ರಶ್ನೆ ಕೇಳಿ. ಇದನ್ನು ಯಾರು ಹೇಳಿ ಬರೆಸಿದರು? ವಿಷಯ ನಡೆದ ಎಷ್ಟು ಕಾಲದ ಮೇಲೆ ಬರೆಸಿದರು? ಕಲ್ಲು ಗಟ್ಟಿ, ಕಾಗದ ಹಳೆಯದು ಅಂತ ಅದರಲ್ಲಿರುವುದೆಲ್ಲ ನಿಜ ಆಗಲ್ಲ.

ಕಲ್ಲು ಏನು ಹೇಳುತ್ತದೆ

ಗೋರಿಕಲ್ಲಿನ ಮೇಲೆ ಸಾಮಾನ್ಯವಾಗಿ ಎರಡು ತಾರೀಖು ಇರುತ್ತವೆ. ಸತ್ತ ತಾರೀಖನ್ನು ಬರೆಸಿದವರು ಆಗ ಮನೆಯಲ್ಲೇ ಇದ್ದವರು, ಅದನ್ನು ಬಹುಮಟ್ಟಿಗೆ ನಂಬಬಹುದು. ಹುಟ್ಟಿದ ತಾರೀಖಿನ ಮಾತು ಬೇರೆ. ಅದನ್ನು ಬರೆಸಿದವರು ಮಕ್ಕಳೋ ಮೊಮ್ಮಕ್ಕಳೋ ಆಗಿರುತ್ತಾರೆ. ಹುಟ್ಟಿದಾಗ ಅವರು ಯಾರೂ ಅಲ್ಲಿರಲಿಲ್ಲ ಅಲ್ವಾ? ಒಂದೇ ಕಲ್ಲಿನ ಎರಡು ಸಾಲಿಗೆ ಎರಡು ತೂಕ.

ಕಲ್ಲು ನೆಟ್ಟದ್ದು ಯಾವಾಗ ಅನ್ನುವುದನ್ನೂ ನೋಡಬೇಕು. ಗಂಡ ಹೆಂಡತಿ ಸತ್ತ ತಾರೀಖುಗಳ ನಡುವೆ ಮೂವತ್ತು ವರ್ಷ ಅಂತರವಿದ್ದು, ಇಬ್ಬರ ಅಕ್ಷರವೂ ಒಂದೇ ಕೈಯ ಕೆತ್ತನೆಯಂತೆ ಕಂಡರೆ, ಆ ಕಲ್ಲನ್ನು ಕೊನೆಗೆ ಒಟ್ಟಿಗೆ ಮಾಡಿಸಿರುವ ಸಾಧ್ಯತೆಯೇ ಜಾಸ್ತಿ. ಅಂದರೆ ಮೊದಲು ಸತ್ತವರ ವಿವರ ಮೂವತ್ತು ವರ್ಷದ ನೆನಪಿನಿಂದ ಬಂದದ್ದು. ಕೆಲವು ಸ್ಮಶಾನಗಳಲ್ಲಿ ನೀಲಿ ಮಿಶ್ರಿತ ಬೂದು ಬಣ್ಣದ ಲೋಹದ ಸ್ಮಾರಕಗಳು ಕಾಣುತ್ತವೆ. ಅಕ್ಷರಗಳು ನಿನ್ನೆ ಮಾಡಿದಷ್ಟು ಚೂಪಾಗಿರುತ್ತವೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅವು ಸತುವಿನ ಎರಕ. ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನಲ್ಲಿದ್ದ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ ಇವನ್ನು 'ವೈಟ್ ಬ್ರಾಂಜ್' ಅಂತ ಮಾರುತ್ತಿತ್ತು. 1870ರ ದಶಕದಲ್ಲಿ ಶುರುವಾದ ಈ ವ್ಯಾಪಾರ 1914ರ ಹೊತ್ತಿಗೆ ನಿಂತಿತು. 1840ರಲ್ಲಿ ಸತ್ತವರ ಹೆಸರು ಇಂಥ ಸ್ಮಾರಕದ ಮೇಲೆ ಕಂಡರೆ, ಅದನ್ನು ಬರೆಸಿದ್ದು ಕನಿಷ್ಠ ಒಂದು ತಲೆಮಾರು ಕಳೆದ ಮೇಲೆ ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಹತ್ತೊಂಬತ್ತನೇ ಶತಮಾನದ ಕಲ್ಲುಗಳಲ್ಲಿ ಹುಟ್ಟಿದ ತಾರೀಖಿನ ಬದಲು ವಯಸ್ಸು ಬರೆಯುವುದು ವಾಡಿಕೆ. ಉದಾಹರಣೆಗೆ, '10 ಮಾರ್ಚ್ 1888ರಂದು ಮರಣ, ವಯಸ್ಸು 64 ವರ್ಷ 5 ತಿಂಗಳು 20 ದಿನ' ಅಂತಿದೆ ಎನ್ನಿ. ಮೊದಲು ವರ್ಷ ಕಳೆಯಿರಿ: 10 ಮಾರ್ಚ್ 1824. ಆಮೇಲೆ ತಿಂಗಳು: 10 ಅಕ್ಟೋಬರ್ 1823. ಕೊನೆಗೆ ದಿನ: 20 ಸೆಪ್ಟೆಂಬರ್ 1823. ಬರೆದವರು ಲೆಕ್ಕ ಹಾಕಿದ ರೀತಿ ಬೇರೆ ಇದ್ದರೆ ಒಂದೆರಡು ದಿನ ಆಚೀಚೆ ಆಗಬಹುದು. ಟಿಪ್ಪಣಿ ಪುಸ್ತಕದಲ್ಲಿ ಕಲ್ಲಿನ ಮೇಲಿದ್ದ ವಯಸ್ಸನ್ನು ಇದ್ದ ಹಾಗೇ ಬರೆದು, ನಿಮ್ಮ ಲೆಕ್ಕವನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ.

ಜೋಡಿ ಕಲ್ಲಿನಲ್ಲಿ ಒಬ್ಬರ ಸತ್ತ ತಾರೀಖು ಖಾಲಿ ಉಳಿದಿದ್ದರೆ ಖುಷಿಪಡಿ, ಅದು ಸುಳಿವು. ಅವರು ಮರುಮದುವೆಯಾಗಿ ಬೇರೆ ಊರಿನಲ್ಲಿ ಮಣ್ಣಾಗಿರಬಹುದು. ಆಗ ಮದುವೆ ದಾಖಲೆ ಹುಡುಕಬೇಕು. ಅಕ್ಕಪಕ್ಕದ ಗೋರಿಗಳ ಹೆಸರುಗಳನ್ನೂ ಬರೆದುಕೊಳ್ಳಿ. ಹೆಣ್ಣುಮಕ್ಕಳು ಮದುವೆಯಾಗಿ ಮನೆತನದ ಹೆಸರು ಬದಲಾದರೂ ತವರಿನವರ ಪಕ್ಕದಲ್ಲೇ ಮಲಗಿರುವುದು ಎಷ್ಟೋ ಸಲ ಕಾಣುತ್ತದೆ. ಸ್ಮಶಾನದ ಕಚೇರಿಯಲ್ಲಿ ಜಾಗ ಕೊಂಡವರ ಪುಸ್ತಕ ಇದೆಯಾ ಅಂತ ಕೇಳಿ. ದುಡ್ಡು ಕೊಟ್ಟವರು ಯಾರು ಅನ್ನುವುದು ಕಲ್ಲಿನ ಮೇಲೆ ಇರುವುದಿಲ್ಲ, ಪುಸ್ತಕದಲ್ಲಿ ಇರುತ್ತದೆ. ಕಲ್ಲೇ ಇಲ್ಲದ ಗೋರಿಗಳೂ ಅದರಲ್ಲಿ ಇರುತ್ತವೆ.

ಅಕ್ಷರ ಸವೆದಿದ್ದರೆ ಬ್ಲೀಚ್, ತಂತಿ ಬ್ರಷ್, ಶೇವಿಂಗ್ ಕ್ರೀಮ್ ಯಾವುದನ್ನೂ ಮುಟ್ಟಿಸಬೇಡಿ. ಕಲ್ಲು ಒಳಗಿನಿಂದ ಹಾಳಾಗುತ್ತದೆ. ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಒಂದು ಅಂಚಿನಿಂದ ಓರೆಯಾಗಿ ಬೀಳಿಸಿ. ಗುಳಿಬಿದ್ದ ಕಡೆ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ. ಆಗ ಫೋಟೋ ತೆಗೆಯಿರಿ.

ಗೋರಿಗಳ ಫೋಟೋ, ವಿವರ ಸೇರಿಸಿಡುವ ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್ ತಾಣಗಳು ತುಂಬ ಕೆಲಸ ಉಳಿಸುತ್ತವೆ. ಆದರೆ ಅಲ್ಲಿನ ಪುಟದಲ್ಲಿ ಕಲ್ಲಿನ ಫೋಟೋ ಇದೆಯಾ, ಅಥವಾ ಯಾರೋ ಸುಮ್ನೆ ವಿವರ ತುಂಬಿದ್ದಾರಾ ನೋಡಿ. ಫೋಟೋ ಇಲ್ಲದ ಪುಟ ಬರೀ ಸುಳಿವು.

ಕೌಂಟಿ ಕಚೇರಿ

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ, ಗಾತ್ರದಲ್ಲಿ ಹಲವು ಕಡೆ ಚಿಕ್ಕದು. ಕ್ರಯಪತ್ರ, ಮದುವೆ ಪರವಾನಗಿ, ಉಯಿಲು, ವಾರಸುದಾರರ ಕಡತ, ಕಂದಾಯದ ಪಟ್ಟಿ, ಪೋಷಕತ್ವದ ಅರ್ಜಿ ಇವೆಲ್ಲ ಬಹಳ ರಾಜ್ಯಗಳಲ್ಲಿ ಇರುವುದು ಇಲ್ಲೇ. ಹುಟ್ಟು ಸಾವಿನ ನೋಂದಣಿ ಮಾತ್ರ ತಡವಾಗಿ ಸರಿಹೋಯಿತು. ಕ್ಯಾಲಿಫೋರ್ನಿಯಾ ಇಡೀ ರಾಜ್ಯಕ್ಕೆ ನೋಂದಣಿ ಶುರು ಮಾಡಿದ್ದು 1905ರಲ್ಲಿ.

ಮೊದಲು ನಕಾಶೆ ನೋಡಿ. ಕೌಂಟಿಗಳ ಗಡಿ ಬದಲಾಗುತ್ತಲೇ ಬಂದಿದೆ. ಇಂಪೀರಿಯಲ್ ಕೌಂಟಿ ಹುಟ್ಟಿದ್ದೇ 1907ರಲ್ಲಿ, ಸ್ಯಾನ್ ಡಿಯಾಗೋ ಕೌಂಟಿಯಿಂದ ಬೇರೆಯಾಗಿ. ಅದಕ್ಕೂ ಹಿಂದಿನ ಕ್ರಯಪತ್ರವನ್ನು ಇಂಪೀರಿಯಲ್ ಕೌಂಟಿ ಕಚೇರಿ ಇರುವ ಎಲ್ ಸೆಂಟ್ರೋದಲ್ಲಿ ಹುಡುಕುವ ಮೊದಲು ಸ್ಯಾನ್ ಡಿಯಾಗೋ ನೆನಪಿರಲಿ. ಜಮೀನು ಅಲ್ಲಾಡಲಿಲ್ಲ, ಕಚೇರಿ ಬದಲಾಯಿತು.

ಕ್ರಯಪತ್ರಗಳಿಗೆ ಎರಡು ಸೂಚಿ ಇರುತ್ತವೆ, ಮಾರಿದವರ ಹೆಸರಿನಲ್ಲಿ ಒಂದು, ಕೊಂಡವರ ಹೆಸರಿನಲ್ಲಿ ಒಂದು. ಎರಡನ್ನೂ ನೋಡಬೇಕು. ಅಪ್ಪ ಕೊಂಡ ಪತ್ರದಲ್ಲಿ ಬರೀ ಅಪ್ಪನ ಹೆಸರಿರುತ್ತದೆ. ಅವರು ತೀರಿಕೊಂಡ ಮೇಲೆ ಮಾರಿದ ಪತ್ರದಲ್ಲಿ ಮಕ್ಕಳೆಲ್ಲರ ಸಹಿ, ಅಳಿಯಂದಿರ ಹೆಸರು ಸಾಲಾಗಿ ಸಿಗಬಹುದು. ಹಳೆಯ ಮೈಕ್ರೋಫಿಲ್ಮ್‌ಗಳು ಬಹಳಷ್ಟು ಈಗ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೆಸರು ಹಾಕಿ ಹುಡುಕಿದಾಗ ಸಿಗಲಿಲ್ಲ ಅಂತ ಕೈಬಿಡಬೇಡಿ. ಪುಟ ತಿರುವಿ ನೋಡಿದರೆ ಮಾತ್ರ ಸಿಗುವ ಪುಸ್ತಕಗಳು ಅಲ್ಲಿ ಇನ್ನೂ ಎಷ್ಟೋ ಇವೆ.

ಒಂದು ಸಂಸಾರ, ಹತ್ತು ಕಡತ

ಈಗ ಇಂಪೀರಿಯಲ್ ಕೌಂಟಿಯ ಪಂಜಾಬಿ ಸಂಸಾರಕ್ಕೆ ಬರೋಣ. ಸ್ಮಶಾನದಿಂದ ಶುರು ಮಾಡಿದರೆ ಮೊದಲ ಹೆಜ್ಜೆಯಲ್ಲೇ ತೊಡಕು. ಸಿಖ್ಖರು, ಹಿಂದೂಗಳು ಸತ್ತವರನ್ನು ಸುಡುತ್ತಿದ್ದರು. ಹೆಂಡತಿ ಕ್ಯಾಥೊಲಿಕ್, ಅವರ ಗೋರಿ ಇರುತ್ತದೆ. ಪಕ್ಕದಲ್ಲಿ ಗಂಡ ಇರುವುದಿಲ್ಲ. ಇದನ್ನು ನೋಡಿ 'ಬಿಟ್ಟು ಹೋಗಿದ್ದ' ಅಂತ ತೀರ್ಮಾನಿಸಿದರೆ ಆ ಮನುಷ್ಯನಿಗೆ ದೊಡ್ಡ ಅನ್ಯಾಯ. ಆತನಿಗೆ ಕಲ್ಲು ಇಲ್ಲ, ಮರಣ ಪತ್ರ ಇದೆ. ಇನ್ನು ಮುಸಲ್ಮಾನ ಪಂಜಾಬಿಗಳನ್ನು ಹೂಳುತ್ತಿದ್ದರು, ಆದರೆ ಸ್ಥಳೀಯರ ಬಾಯಲ್ಲಿ ಆ ಜಾಗ 'ಹಿಂದೂ ಪ್ಲಾಟ್'. ಭಾರತದಿಂದ ಬಂದವರೆಲ್ಲ ಆಗ ಅಲ್ಲಿ 'ಹಿಂದೂ'ಗಳೇ.

ಮರಣ ಪತ್ರದಲ್ಲಿ ಮಾಹಿತಿ ಕೊಟ್ಟವರ ಹೆಸರಿನ ಕಾಲಂ ಇರುತ್ತದೆ. ನಾನು ಮೊದಲು ಅಲ್ಲಿಗೇ ಕಣ್ಣು ಹಾಯಿಸುತ್ತೇನೆ. ಬೇಸಾಯದಲ್ಲಿ ಜೊತೆಗಿದ್ದ ಪಂಜಾಬಿ ಪಾಲುದಾರ ಮಾಹಿತಿ ಕೊಟ್ಟಿದ್ದರೆ ಪಂಜಾಬಿನ ಅಪ್ಪನ ಹೆಸರು ಸರಿಯಿರಬಹುದು, ಯಾಕೆಂದರೆ ಆತನೂ ಅದೇ ಕಡೆಯವನು. ಇಲ್ಲೇ ಹುಟ್ಟಿದ ಮಗಳು ಕೊಟ್ಟಿದ್ದರೆ ಅಜ್ಜಿಯ ಹೆಸರಿನ ಜಾಗ ಖಾಲಿ ಇದ್ದರೂ ಆಶ್ಚರ್ಯವಿಲ್ಲ.

ಮದುವೆ ಪರವಾನಗಿಗೆ ಗಂಡು ಹೆಣ್ಣು ತಾವೇ ಹೋಗಿ ಹೇಳಿ ಬರೆಸುತ್ತಿದ್ದರು. ಹಾಗಾಗಿ ಅದಕ್ಕೆ ತೂಕ ಜಾಸ್ತಿ. ಆದರೆ ಜನಾಂಗದ ಕಾಲಂನಲ್ಲಿ ಕ್ಲರ್ಕ್ ಕಣ್ಣಿನ ತೀರ್ಪೂ ಸೇರಿರುತ್ತದೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗದಂತೆ ತಡೆಯುವ ಕಾನೂನಿತ್ತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 1948ರಲ್ಲಿ. ಒಬ್ಬ ಕ್ಲರ್ಕ್ ಒಪ್ಪಿದ್ದನ್ನು ಇನ್ನೊಬ್ಬ ಒಪ್ಪುತ್ತಿರಲಿಲ್ಲ. ನೆರೆಯ ರಾಜ್ಯಕ್ಕೆ ಹೋಗಿ ಮದುವೆಯಾದವರೂ ಇದ್ದರು. ಇಂಪೀರಿಯಲ್ ಕೌಂಟಿಯಲ್ಲಿ ಮದುವೆ ದಾಖಲೆ ಇಲ್ಲ ಅಂದರೆ ಮದುವೆಯೇ ಆಗಿರಲಿಲ್ಲ ಅಂತ ಅಲ್ಲ.

ಜನಗಣತಿ ಇನ್ನೂ ಕುತೂಹಲದ್ದು. 1930ರ ಪಟ್ಟಿಯಲ್ಲಿ ಗಂಡನ ಎದುರು 'ಹಿಂದೂ', ಹೆಂಡತಿಯ ಎದುರು 'ಮೆಕ್ಸಿಕನ್' ಅಂತ ಜನಾಂಗ ಬರೆಯಬೇಕಿತ್ತು. ಮೆಕ್ಸಿಕನ್ ಅನ್ನುವುದನ್ನು ಜನಾಂಗವಾಗಿ ಎಣಿಸಿದ್ದು ಅದೊಂದೇ ಗಣತಿಯಲ್ಲಿ. 1940ರ ನಿಯಮದ ಪ್ರಕಾರ ಮೆಕ್ಸಿಕನ್ನರು ಸಾಮಾನ್ಯವಾಗಿ 'ಬಿಳಿಯರು'. ಹಾಗಾಗಿ ಅದೇ ಹೆಂಗಸು, ಅದೇ ಮನೆ, ಹತ್ತು ವರ್ಷದಲ್ಲಿ ಬೇರೆ ಜನಾಂಗ. ಹೆಸರು ಒಂದೇ ಇದ್ದರೂ ಜನಾಂಗ ಹೊಂದುತ್ತಿಲ್ಲ ಅಂತ ಇಂಥ ಸಾಲನ್ನು ಪಕ್ಕಕ್ಕೆ ತಳ್ಳಬೇಡಿ. 1940ರ ಹಾಳೆಯಲ್ಲಿ ಇನ್ನೊಂದು ಉಪಕಾರವಿದೆ. ಮಾಹಿತಿ ಕೊಟ್ಟವರ ಹೆಸರಿನ ಮುಂದೆ ವೃತ್ತದೊಳಗೆ ಒಂದು ಗುಣಾಕಾರ ಚಿಹ್ನೆ ಹಾಕಿದ್ದಾರೆ. ಯಾರು ಹೇಳಿದ್ದು ಅನ್ನುವ ನಮ್ಮ ಪ್ರಶ್ನೆಗೆ ಅಲ್ಲಿ ನೇರ ಉತ್ತರ. ಗಣತಿ ಹಾಳೆಗಳು 72 ವರ್ಷ ಕಳೆದ ಮೇಲೆ ತೆರೆಯುತ್ತವೆ. 1950ರದ್ದು 2022ರಲ್ಲಿ ತೆರೆಯಿತು.

ಹೆಸರು ಹುಡುಕುವಾಗ ಕಿವಿ ತೆರೆದಿಡಿ. ಪಂಜಾಬಿ ಹೆಸರನ್ನು ಸ್ಪ್ಯಾನಿಷ್ ನಾಲಿಗೆ ತಿರುಗಿಸಿಕೊಂಡಿತು. ಇಂದರ್ ಅನ್ನುವವನು ಆಂದ್ರೆಸ್ ಆದ. ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಹಿಂದೆ ಸಿಂಗ್. ಇಡೀ ಕೌಂಟಿಯಲ್ಲಿ ಸಿಂಗ್‌ಗಳು ಎಷ್ಟು ಜನ! ಹೆಸರಿಗಿಂತ ಹೆಂಡತಿಯ ಹೆಸರು, ಜಮೀನಿನ ಜಾಗ, ಪಾಲುದಾರ ಇವನ್ನು ಹಿಡಿದು ಹೋಗುವುದು ಮೇಲು.

ಜಮೀನಿನ ಕಡತ ಓದಲು ಕಾನೂನಿನ ತಾರೀಖು ಪಕ್ಕದಲ್ಲಿರಬೇಕು. ಕ್ಯಾಲಿಫೋರ್ನಿಯಾದ 1913ರ ಕಾನೂನು ನಾಗರಿಕರಾಗಲು ಅರ್ಹರಲ್ಲದ ಪರದೇಶಿಗಳು ಜಮೀನು ಕೊಳ್ಳುವಂತಿಲ್ಲ ಎಂದಿತು. 1923ರಲ್ಲಿ, ಪಂಜಾಬಿನಿಂದ ವಲಸೆ ಬಂದಿದ್ದ ಭಗತ್ ಸಿಂಗ್ ಥಿಂಡ್ ಎಂಬುವರ ಪೌರತ್ವದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಆ ಗುಂಪಿಗೆ ಸೇರುತ್ತಾರೆಂದು ತೀರ್ಮಾನಿಸಿತು. 'ಹೆಂಡತಿ ಹೆಸರಿಗೆ ಜಮೀನು ಮಾಡಿಸಲೆಂದೇ ಇವರು ಮದುವೆಯಾದರು' ಅನ್ನುವ ಮಾತು ಈಗಲೂ ಕೇಳುತ್ತದೆ. ತಾರೀಖು ಜೋಡಿಸಿದರೆ ಆ ಮಾತು ನಿಲ್ಲುವುದಿಲ್ಲ. ಮದುವೆಗಳು 1916ರ ಸುಮಾರಿಗೇ ಶುರುವಾಗಿದ್ದವು, ಥಿಂಡ್ ತೀರ್ಪಿಗೂ ಮೊದಲು. ಅಲ್ಲದೆ 1922ರ ಕೇಬಲ್ ಕಾಯ್ದೆಯ ಪ್ರಕಾರ ಇಂಥ ಗಂಡಸನ್ನು ಮದುವೆಯಾದ ಅಮೆರಿಕನ್ ಹೆಂಗಸು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಹೆಂಡತಿಯ ಹೆಸರು ಎಲ್ಲಿ ಉಪಯೋಗಕ್ಕೆ ಬರಬೇಕು? ಇಂಥ ಸಂಸಾರಗಳ ಮೇಲೆ ನೂರು ವರ್ಷ ಹೊರಿಸಿದ ಆಪಾದನೆಯನ್ನು ಕೌಂಟಿಯ ಸಾದಾ ರಿಜಿಸ್ಟರ್ ಇಳಿಸಬಲ್ಲದು. ನಾನು ಈ ವಿಷಯ ಓದಲು ಕೂತದ್ದಕ್ಕೆ ಅದೇ ದೊಡ್ಡ ಕಾರಣ.

ಕೆಲಸಕ್ಕೆ ಬಂದದ್ದು ಮಕ್ಕಳ ಹೆಸರು. ಅಮೆರಿಕದಲ್ಲಿ ಹುಟ್ಟಿದ ಮಗು ನಾಗರಿಕ. ಜಮೀನು ಮಗುವಿನ ಹೆಸರಿಗೆ, ಅಪ್ಪ ಕೋರ್ಟಿನ ಒಪ್ಪಿಗೆ ಪಡೆದ ಪೋಷಕ. ವಿಶೇಷವಾಗಿ 1933ರಲ್ಲಿ ಅಲ್ಲಿನ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಭೂ ಕಾನೂನು ತಪ್ಪಿಸಿದ ಆರೋಪ ಹೊರಿಸಿದ ಮೇಲೆ ಈ ದಾರಿ ಹಿಡಿದವರು ಹೆಚ್ಚಾದರು. ಹಾಗಾಗಿ ಅಪ್ಪನ ಹೆಸರು ಕ್ರಯಪತ್ರದಲ್ಲಿ ಸಿಗದಿದ್ದರೆ ಕೋರ್ಟಿನ ಪೋಷಕತ್ವದ ಕಡತ ತೆರೆಯಿರಿ. ಮಕ್ಕಳ ಹೆಸರು, ವಯಸ್ಸು, ಆಸ್ತಿ ಎಲ್ಲ ಒಂದೇ ಕಡೆ ಸಿಗುವ ಅವಕಾಶ ಅಲ್ಲಿದೆ.

ಪಂಜಾಬಿನ ಊರು ಯಾವುದು ಅನ್ನುವ ಪ್ರಶ್ನೆಗೆ ಮಾತ್ರ ಕೌಂಟಿಯ ಹೊರಗೆ ಹೋಗಬೇಕು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ 1946ರ ಲೂಸ್–ಸೆಲ್ಲರ್ ಕಾಯ್ದೆ ಬಂದ ಮೇಲೆ ಪೌರತ್ವ ಪಡೆದವರ ಅರ್ಜಿಯಲ್ಲಿ ಹುಟ್ಟಿದ ಊರು, ಹೆಂಡತಿ, ಮಕ್ಕಳ ವಿವರ ಇರುತ್ತದೆ. ಅಷ್ಟು ದಿನ ಬದುಕಿರದವರಿಗೆ 1918ರ ಸೈನ್ಯದ ನೋಂದಣಿ ಕಾರ್ಡ್ ನೋಡಿ. ಆ ಸೆಪ್ಟೆಂಬರ್ 12ರಂದು 18ರಿಂದ 45 ವರ್ಷದೊಳಗಿನ, ಮೊದಲು ನೋಂದಾಯಿಸದ ಗಂಡಸರೆಲ್ಲ ಹೋಗಬೇಕಿತ್ತು, ಪರದೇಶಿಗಳೂ ಸೇರಿ. ಕಾರ್ಡಿನಲ್ಲಿ ಹತ್ತಿರದ ಸಂಬಂಧಿ ಯಾರು, ಎಲ್ಲಿದ್ದಾರೆ ಅಂತ ಕೇಳಿದ್ದರು. ಬೇರೆ ಯಾವ ಕಾಗದಕ್ಕಿಂತಲೂ ನಾನು ಇದನ್ನು ಮೇಲೆ ಇಡುತ್ತೇನೆ, ಯಾಕೆಂದರೆ ಇಲ್ಲಿ ಹೇಳಿದವನು ಆತನೇ. ಕ್ಲರ್ಕ್ ಕಿವಿಗೆ ಬಿದ್ದ ಹಾಗೆ ಬರೆದ ಊರಿನ ಹೆಸರನ್ನು ಜೋರಾಗಿ ಓದಿ, ಜಲಂಧರ್, ಹೋಶಿಯಾರ್‌ಪುರದ ಹಳ್ಳಿಗಳ ಪಟ್ಟಿಯ ಜೊತೆ ಹೋಲಿಸಿ ನೋಡಿ. ಕೆಳಗೆ ಸಹಿಯ ಜಾಗವನ್ನೂ ನೋಡಿ, ಗುರುಮುಖಿ ಅಕ್ಷರವೋ, ಉರ್ದುವೋ, ಬರೀ ಗುರುತೋ ಅಂತ.