ಫೀಸೇ ಇಲ್ಲ ಅಂದ್ರು, ಆದ್ರೂ ಕಳಿಸಿದ ದುಡ್ಡು ಕಡಿಮೆ ಯಾಕೆ ಸೇರ್ತು?

ಓದುಗರ ಪ್ರಶ್ನೆ: ನಾನು ಬೇರೆ ದೇಶದಲ್ಲಿ ಕೆಲಸದಲ್ಲಿದೀನಿ, ಪ್ರತಿ ತಿಂಗಳು ಮನೆಗೆ ದುಡ್ಡು ಕಳಿಸ್ತೀನಿ. ಆ ದಿನದ ರೇಟ್ ನೆಟ್ಟಲ್ಲಿ ನೋಡಿ ಲೆಕ್ಕ ಹಾಕಿದ್ರೆ ಒಂದು ಮೊತ್ತ ಬರುತ್ತೆ, ಅಕೌಂಟಿಗೆ ಬೀಳೋದು ಅದಕ್ಕಿಂತ ಕಡಿಮೆ, ಅದೂ ಒಂದೊಂದು ತಿಂಗಳು ಒಂದೊಂದು ಥರ. ನನ್ನ ಬ್ಯಾಂಕಲ್ಲಿ ಕೇಳಿದ್ರೆ ನಾವು ಫೀಸ್ ಹಾಕಿಲ್ಲ ಅಂತಾರೆ, ಆ ಕಡೆಯವ್ರು ನಮಗೆ ಬಂದಿದ್ದೇ ಇಷ್ಟು ಅಂತಾರೆ. ಮಧ್ಯದಲ್ಲಿ ಯಾರು ತಿಂತಿದಾರೆ?

ಉತ್ತರ: ಇಬ್ರೂ ಸುಳ್ಳು ಹೇಳ್ತಿಲ್ಲ, ಅದೇ ಇದರಲ್ಲಿರೋ ಕಿತಾಪತಿ. ಫೀಸ್ ಅನ್ನೋ ಹೆಸರಲ್ಲಿ ಅವ್ರು ಏನೂ ತಗೊಂಡಿಲ್ಲ ಅಷ್ಟೇ. ದುಡ್ಡು ಗಡಿ ದಾಟುವಾಗ ಮೂರು ಕಡೆ ಸೋರಬಹುದು, ರೇಟಲ್ಲಿ, ದಾರೀಲಿ, ಕೊನೆಗೆ ಸೇರೋ ಬ್ಯಾಂಕಲ್ಲಿ, ಮತ್ತೆ ಈ ಮೂರರಲ್ಲಿ ರಸೀದೀಲಿ ದೊಡ್ಡದಾಗಿ ಕಾಣೋದು ಯಾವುದೂ ಇಲ್ಲ.

ಮೊದಲು ರೇಟ್ ವಿಷ್ಯ, ಯಾಕಂದ್ರೆ ಜಾಸ್ತಿ ಜನರ ದುಡ್ಡು ಹೋಗೋದು ಇಲ್ಲೇ. ನೀವು ಗೂಗಲಲ್ಲಿ ನೋಡೋ ರೇಟು ಮಿಡ್ ಮಾರ್ಕೆಟ್ ರೇಟ್, ಅಂದ್ರೆ ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲೇ ಒಂದು ಕರೆನ್ಸಿನ ಕೊಳ್ಳೋ ಬೆಲೆಗೂ ಮಾರೋ ಬೆಲೆಗೂ ನಡುವಿನ ಬಿಂದು. ಆ ರೇಟಿಗೇ ನಿಮಗೆ ಕೊಡಬೇಕು ಅಂತ ಸಾಮಾನ್ಯವಾಗಿ ಯಾವ ಬ್ಯಾಂಕಿಗೂ ಕಟ್ಟಳೆ ಇಲ್ಲ. ಅವ್ರು ಅದರ ಮೇಲೆ ತಮ್ಮ ಮಾರ್ಜಿನ್ ಇಟ್ಕೊಂಡು ತಮ್ಮದೇ ಒಂದು ರೇಟ್ ಮಾಡ್ತಾರೆ, ಆಮೇಲೆ ಬೋರ್ಡಲ್ಲಿ ದಪ್ಪ ಅಕ್ಷರದಲ್ಲಿ "ಝೀರೋ ಫೀ" ಅಂತ ಹಾಕ್ತಾರೆ. ಸುಳ್ಳಲ್ಲ, ಆದ್ರೆ ನಿಜಾನೂ ಅಲ್ಲ.

ಒಂದು ಲೆಕ್ಕ ಮಾಡೋಣ, ಸುಲಭಕ್ಕೆ ನಿಮ್ಮ ಸಂಬಳದ ಕರೆನ್ಸಿಯ ಒಂದು ಯೂನಿಟ್ಟಿಗೆ ಮಿಡ್ ರೇಟ್ ಸರಿಯಾಗಿ 100 ಅಂತ ಇಟ್ಕೊಳ್ಳಿ, ನೀವು 1000 ಯೂನಿಟ್ ಕಳಿಸ್ಬೇಕು. ಪೂರ್ತಿ ಸೇರಿದ್ರೆ 1,00,000 ಆಗ್ಬೇಕು. ಒಂದು ಕಂಪನಿ ಫೀಸ್ ಇಲ್ಲ ಅನ್ನುತ್ತೆ, ರೇಟ್ 97 ಕೊಡುತ್ತೆ, ಸೇರೋದು 97,000. ಇನ್ನೊಂದು ಕಂಪನಿ 8 ಯೂನಿಟ್ ಫೀಸ್ ಕೇಳುತ್ತೆ, ಅದನ್ನ ನೋಡಿದ ತಕ್ಷಣ ನಮಗೆ ಹೊಟ್ಟೆ ಉರಿಯುತ್ತೆ, ಆದ್ರೆ ರೇಟ್ 99.70 ಕೊಡುತ್ತೆ. ಉಳಿದ 992ನ 99.70ರಿಂದ ಗುಣಿಸಿ, 98,902 ಬರುತ್ತೆ. ಫೀಸ್ ತಗೊಂಡವನೇ 1,902 ಜಾಸ್ತಿ ಕೊಟ್ಟ! ಫೀಸಿಲ್ಲದವನು ತಗೊಂಡಿದ್ದು 3%, ಫೀಸಿರೋನು ಎಲ್ಲ ಸೇರಿ 1.1% ಹತ್ತಿರ.

ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ಫೀಸ್ ಎಷ್ಟು ಅಂತ ಕೇಳಬೇಡಿ, ರೇಟ್ ಎಷ್ಟು ಅಂತಾನೂ ಕೇಳಬೇಡಿ. ನನ್ನ ಅಕೌಂಟಿಂದ ಒಟ್ಟು ಇಷ್ಟು ಹೋದ್ರೆ ಆ ಕಡೆ ಕೈಗೆ ಎಷ್ಟು ಸಿಗುತ್ತೆ ಅಂತ ಕೇಳಿ. ಎರಡು ಮೂರು ಕಡೆ ಒಂದೇ ಹೊತ್ತಲ್ಲಿ ನೋಡಿ, ಬೆಳಿಗ್ಗೆ ಒಂದು ಕಡೆ ನೋಡಿ ಸಂಜೆ ಇನ್ನೊಂದು ಕಡೆ ನೋಡಿದ್ರೆ ಅಷ್ಟರಲ್ಲಿ ಮಾರ್ಕೆಟ್ಟೇ ಬದಲಾಗಿರುತ್ತೆ, ಹೋಲಿಕೆಗೆ ಅರ್ಥ ಇರಲ್ಲ. ಇನ್ನೊಂದು, ಮೊದಲ ಸಲ ಕಳಿಸೋರಿಗೆ ಅಂತ ಒಂದು ಸ್ಪೆಷಲ್ ರೇಟ್ ಕೊಡ್ತಾರಲ್ಲ, ಅದನ್ನ ಖುಷಿಯಾಗಿ ತಗೊಳ್ಳಿ, ಆದ್ರೆ ಎರಡನೇ ತಿಂಗಳು ಅದೇ ರೇಟ್ ಇರುತ್ತೆ ಅಂದ್ಕೊಂಡು ಸುಮ್ನೆ ಒತ್ಕೊಂಡು ಹೋಗಬೇಡಿ.

ಮೊತ್ತ ದೊಡ್ಡದಾದಷ್ಟೂ ಮಾರ್ಜಿನ್ ಕಚ್ಚೋದು ಜಾಸ್ತಿ. 1000ಕ್ಕೆ 3% ಅಂದ್ರೆ 30, ಬಿಡಿ ಅನ್ಬಹುದು, 20,000 ಕಳಿಸಿದ್ರೆ 600. ಉಲ್ಟಾ ಕೂಡ ಇದೆ, ಐವತ್ತು ನೂರು ಕಳಿಸೋರಿಗೆ ಬ್ಯಾಂಕಿನ ಫಿಕ್ಸೆಡ್ ಫೀಸೇ ಮೂಗಿಗಿಂತ ಮೂಗುತಿ ಭಾರ ಆಗುತ್ತೆ, ಅವ್ರಿಗೆ ರೇಟಲ್ಲಿ ಸ್ವಲ್ಪ ಹೋದ್ರೂ ಫೀಸಿಲ್ಲದ್ದೇ ವಾಸಿ. ವಿಶ್ವಬ್ಯಾಂಕ್ ಈ ಖರ್ಚನ್ನ ವರ್ಷಗಳಿಂದ ಲೆಕ್ಕ ಇಡ್ತಾ ಬಂದಿದೆ, 200 ಡಾಲರ್ ಕಳಿಸೋಕೆ ಜಗತ್ತಿನ ಸರಾಸರಿ ಖರ್ಚು 6%ಕ್ಕಿಂತ ಮೇಲೇ ಇದೆ, ಅದರಲ್ಲೂ ಬ್ಯಾಂಕುಗಳೇ ಎಲ್ಲಕ್ಕಿಂತ ದುಬಾರಿ. 2030ರೊಳಗೆ ಇದನ್ನ 3%ಕ್ಕಿಂತ ಕೆಳಗೆ ತರಬೇಕು ಅಂತ ವಿಶ್ವಸಂಸ್ಥೆಯ ಗುರಿ ಇದೆ, ಆಗುತ್ತೋ ಬಿಡುತ್ತೋ, ಅಷ್ಟರೊಳಗೆ ನಮ್ಮ ದುಡ್ಡು ನಾವೇ ನೋಡ್ಕೋಬೇಕು.

ಈಗ ದಾರಿಗೆ ಬರೋಣ, ಒಂದೊಂದು ತಿಂಗಳು ಒಂದೊಂದು ಥರ ಅಂದ್ರಲ್ಲ, ಅದಕ್ಕೆ ಕಾರಣ ಬಹುಶಃ ಇಲ್ಲಿದೆ. ಬ್ಯಾಂಕಿಂದ ಸ್ವಿಫ್ಟ್ ಮೂಲಕ ಕಳಿಸಿದ್ರೆ ದುಡ್ಡೇ ತಂತಿ ಮೇಲೆ ಓಡಿ ಹೋಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಸ್ವಿಫ್ಟ್ ಅನ್ನೋದು 1973ರಲ್ಲಿ ಬ್ಯಾಂಕುಗಳೇ ಸೇರಿ ಮಾಡ್ಕೊಂಡ ಬೆಲ್ಜಿಯಂನ ಸಂಸ್ಥೆ, ಅದು ಸಾಗಿಸೋದು ಬರೀ ಸಂದೇಶ, ಇಂಥವರಿಗೆ ಇಷ್ಟು ಕೊಡಿ ಅಂತ. ದುಡ್ಡು ಕೈ ಬದಲಾಗೋದು ಬ್ಯಾಂಕುಗಳು ಒಬ್ಬರ ಹತ್ರ ಇನ್ನೊಬ್ಬರು ಇಟ್ಟಿರೋ ಅಕೌಂಟುಗಳಲ್ಲಿ. ನಿಮ್ಮ ಬ್ಯಾಂಕಿಗೂ ಮನೆಯವರ ಬ್ಯಾಂಕಿಗೂ ನೇರ ಅಕೌಂಟ್ ಇಲ್ಲ ಅಂದ್ರೆ ಇಬ್ಬರಿಗೂ ಗೊತ್ತಿರೋ ಮೂರನೇ ಬ್ಯಾಂಕ್ ಬೇಕು, ಕೆಲವು ಸಲ ನಾಲ್ಕನೆಯದೂ ಬೇಕಾಗುತ್ತೆ. ಇವ್ರನ್ನ ಕರೆಸ್ಪಾಂಡೆಂಟ್ ಬ್ಯಾಂಕ್ ಅಂತಾರೆ. ಅವ್ರು ನಿಮ್ಮ ಮುಖ ನೋಡಿಲ್ಲ, ನಿಮಗೆ ಬಿಲ್ ಕಳಿಸಲ್ಲ, ಹಾದು ಹೋಗೋ ಮೊತ್ತದಲ್ಲೇ ತಮ್ಮ ಪಾಲು ಕಟ್ ಮಾಡಿ ಮುಂದಕ್ಕೆ ತಳ್ತಾರೆ. ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಇಲ್ಲಿ ಪೂಜಾರಿ ಯಾರು ಅಂತಾನೇ ಗೊತ್ತಾಗಲ್ಲ. ಈ ತಿಂಗಳು ಒಂದು ದಾರೀಲಿ ಹೋಗಿದ್ದು ಮುಂದಿನ ತಿಂಗಳು ಇನ್ನೊಂದು ದಾರಿ ಹಿಡಿದ್ರೆ ಕಟ್ ಆಗೋ ಮೊತ್ತಾನೂ ಬದಲಾಗುತ್ತೆ.

ಟ್ರಾನ್ಸ್‌ಫರ್ ಫಾರ್ಮಲ್ಲಿ ಚಾರ್ಜಸ್ ಯಾರದು ಅಂತ ಒಂದು ಸಣ್ಣ ಕಾಲಂ ಇರುತ್ತೆ, ಸುಮಾರು ಜನ ಓದದೇ ದಾಟ್ತಾರೆ. ಅಲ್ಲಿ ಮೂರು ಕೋಡ್: ಓಯೂಆರ್ ಅಂದ್ರೆ ಎಲ್ಲ ಖರ್ಚು ಕಳಿಸೋರದ್ದು, ಎಸ್‌ಎಚ್‌ಎ ಅಂದ್ರೆ ಹಂಚಿಕೊಳ್ಳೋದು, ನಿಮ್ಮ ಬ್ಯಾಂಕಿನದು ನಿಮಗೆ, ಉಳಿದಿದ್ದು ಪಡೆಯೋರಿಗೆ, ಬಿಇಎನ್ ಅಂದ್ರೆ ಪೂರ್ತಿ ಪಡೆಯೋರ ತಲೆ ಮೇಲೆ. ನಾವೇನೂ ಹೇಳದಿದ್ರೆ ಸಾಮಾನ್ಯವಾಗಿ ಎಸ್‌ಎಚ್‌ಎ ಆಗಿರುತ್ತೆ. ಮನೆಗೆ ಕಳಿಸೋ ದುಡ್ಡಾದ್ರೆ ಸ್ವಲ್ಪ ಕಡಿಮೆ ಬಂದ್ರೂ ನಡೆಯುತ್ತೆ, ಆದ್ರೆ ಕಾಲೇಜ್ ಫೀಸ್, ಮನೆ ಬಾಡಿಗೆ ಡೆಪಾಸಿಟ್, ವೀಸಾ ಸಂಬಂಧದ ಕಟ್ಟುವಿಕೆ ಇಂಥದ್ದಕ್ಕೆ ಹದಿನೈದು ಯೂನಿಟ್ ಕಡಿಮೆ ಬಿದ್ರೂ ಫೀಸ್ ಕಟ್ಟಿಲ್ಲ ಅಂತಾನೇ ಲೆಕ್ಕ, ಅಂಥ ಕಡೆ ಓಯೂಆರ್ ಹಾಕಿ. ಅದಕ್ಕೆ ನಿಮ್ಮ ಬ್ಯಾಂಕ್ ಮುಂಚೆನೇ ಜಾಸ್ತಿ ತಗೊಳ್ಳುತ್ತೆ, ತಗೊಳ್ಳಲಿ. ಯೂರೋಪಿನ ಸೆಪಾ ವ್ಯವಸ್ಥೆ ಒಳಗೆ ಯೂರೋ ಕಳಿಸೋರಿಗೆ ಈ ತಲೆನೋವಿಲ್ಲ, ಅಲ್ಲಿ ಮಧ್ಯದಲ್ಲಿ ಮೊತ್ತಕ್ಕೆ ಕತ್ತರಿ ಹಾಕೋ ಹಾಗಿಲ್ಲ.

ಹಾಗಾದ್ರೆ ಆ್ಯಪ್‌ಗಳು ಹೇಗೆ ಕಡಿಮೆಗೆ ಕೊಡ್ತಾವೆ ಅಂತ ಕೇಳ್ತೀರಿ. ತುಂಬಾ ಕಡೆ ಅವು ನಿಮ್ಮ ದುಡ್ಡನ್ನ ಗಡಿ ದಾಟಿಸೋದೇ ಇಲ್ಲ. ಎರಡೂ ದೇಶದಲ್ಲಿ ಅವರ ಅಕೌಂಟ್ ಇರುತ್ತೆ, ನೀವು ಇಲ್ಲಿ ಅವರ ಅಕೌಂಟಿಗೆ ಲೋಕಲ್ ಆಗಿ ಹಾಕ್ತೀರಿ, ಅವರು ಅಲ್ಲಿರೋ ತಮ್ಮ ಅಕೌಂಟಿಂದ ಮನೆಯವರಿಗೆ ಲೋಕಲ್ ಆಗಿ ಕೊಡ್ತಾರೆ, ಆಮೇಲೆ ದಿನಕ್ಕೋ ವಾರಕ್ಕೋ ಒಂದು ಸಲ ದೊಡ್ಡ ಮೊತ್ತದಲ್ಲಿ ತಮ್ಮೊಳಗೆ ಸರಿ ಮಾಡ್ಕೋತಾರೆ. ಮಧ್ಯದ ಬ್ಯಾಂಕೇ ಇಲ್ಲ, ಅದಕ್ಕೇ ಇಷ್ಟು ಸೇರುತ್ತೆ ಅಂತ ಮೊದಲೇ ತೋರಿಸೋ ಧೈರ್ಯ ಅವ್ರಿಗೆ. ಈಗ ದೇಶ ದೇಶಗಳೇ ತಮ್ಮ ಪೇಮೆಂಟ್ ವ್ಯವಸ್ಥೆ ಜೋಡಿಸ್ತಿವೆ, ಸಿಂಗಪುರದ ಪೇನೌ 2021ರಲ್ಲಿ ಥಾಯ್ಲೆಂಡಿನ ಪ್ರಾಂಪ್ಟ್‌ಪೇಗೆ, 2023ರಲ್ಲಿ ಭಾರತದ ಯುಪಿಐಗೆ ಜೋಡಣೆ ಆಯ್ತು, ಫೋನ್ ನಂಬರ್ ಅಥವಾ ಐಡಿ ಇದ್ರೆ ಸಾಕು. ನೀವಿರೋ ದೇಶಕ್ಕೆ ಇಂಥ ಲಿಂಕ್ ಇದ್ರೆ ಮೊದಲು ಅದನ್ನೇ ನೋಡಿ.

ಕರೆನ್ಸಿ ಎಲ್ಲಿ ಬದಲಾಗುತ್ತೆ ಅನ್ನೋದೂ ನೋಡ್ಬೇಕು. ಬದಲಾಗೋದು ಒಂದೇ ಸಲ ಇರಲಿ. ನಿಮ್ಮ ಸಂಬಳದ ಕರೆನ್ಸಿಯಿಂದ ಡಾಲರಿಗೆ, ಡಾಲರಿಂದ ಮನೆಯ ಕರೆನ್ಸಿಗೆ ಅಂತ ಎರಡು ಸಲ ಆದ್ರೆ ಎರಡೂ ಕಡೆ ಮಾರ್ಜಿನ್. ಬ್ಯಾಂಕಲ್ಲಿ "ಡಾಲರಲ್ಲಿ ಕಳಿಸಿ, ಸೇಫು" ಅಂತ ಸಲಹೆ ಕೊಡ್ತಾರೆ, ಆ ಕಡೆ ಡಾಲರ್ ಅಕೌಂಟ್ ಇಲ್ಲ ಅಂದ್ರೆ ಅಲ್ಲಿನ ಬ್ಯಾಂಕ್ ತನಗೆ ಬೇಕಾದ ರೇಟಿಗೆ ಬದಲಾಯಿಸುತ್ತೆ, ಆ ರೇಟು ನಿಮಗೆ ದುಡ್ಡು ಬಿದ್ದ ಮೇಲೇ ಗೊತ್ತಾಗೋದು. ಕಾರ್ಡ್ ಸ್ವೈಪ್ ಮಾಡುವಾಗ, ಎಟಿಎಂ ಮುಂದೆ ನಿಂತಾಗಲೂ ಇದೇ ಆಟ, "ನಿಮ್ಮ ಕಾರ್ಡಿನ ಕರೆನ್ಸೀಲಿ ಕಟ್ಟುತ್ತೀರಾ" ಅಂತ ಮರ್ಯಾದೆಯಿಂದ ಕೇಳುತ್ತೆ, ಬೇಡ ಅನ್ನಿ, ಯಾವ ದೇಶದಲ್ಲಿ ನಿಂತಿದೀರೋ ಆ ದೇಶದ ಕರೆನ್ಸಿನೇ ಒತ್ತಿ.

ರೇಟ್ ಏರಲಿ ಅಂತ ಕಾಯಬೇಕಾ? ತಿಂಗಳ ಖರ್ಚಿನ ದುಡ್ಡಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಮಾರ್ಕೆಟ್ ಯಾವ ಕಡೆ ಹೋಗುತ್ತೆ ಅಂತ ದಿನಾ ನೋಡೋರಿಗೇ ಗೊತ್ತಾಗಲ್ಲ, ಆದ್ರೆ ಮಾರ್ಜಿನ್ ಎಷ್ಟು ಅಂತ ನಿಮಗೆ ಇವತ್ತೇ ಗೊತ್ತಾಗುತ್ತೆ, ಕೈಲಿರೋದನ್ನ ಮೊದಲು ಉಳಿಸಿ. ವೀಕೆಂಡಲ್ಲಿ ಮಾತ್ರ ಕಳಿಸದಿದ್ರೆ ಒಳ್ಳೇದು, ಶನಿವಾರ ಫಾರೆಕ್ಸ್ ಮಾರ್ಕೆಟ್, ಅಂದ್ರೆ ಕರೆನ್ಸಿ ಕೊಳ್ಳೋ ಮಾರೋ ಮಾರ್ಕೆಟ್, ಮುಚ್ಚಿರುತ್ತೆ, ಸೋಮವಾರ ಏನಾಗುತ್ತೋ ಅನ್ನೋ ಭಯಕ್ಕೆ ಕೆಲವರು ಮಾರ್ಜಿನ್ ಏರಿಸ್ತಾರೆ.

ಅಕೌಂಟ್ ನಂಬರ್ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ಐಬ್ಯಾನ್, ಅಂದ್ರೆ ಅಂತರರಾಷ್ಟ್ರೀಯ ಅಕೌಂಟ್ ನಂಬರ್, ಇರೋ ದೇಶಗಳಲ್ಲಿ ಮೊದಲ ಎರಡು ಅಕ್ಷರ ದೇಶ, ಮುಂದಿನ ಎರಡು ಅಂಕಿ ಚೆಕ್ ಮಾಡೋಕೆ, ಒಂದು ಅಂಕಿ ತಪ್ಪಿದ್ರೆ ಸಿಸ್ಟಮ್ಮೇ ಹಿಡಿಯುತ್ತೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಭಾರತ ಐಬ್ಯಾನ್ ಬಳಸಲ್ಲ, ಅಲ್ಲಿಗೆ ಕಳಿಸುವಾಗ ಆ ಕಾವಲು ನಿಮಗೆ ಸಿಗಲ್ಲ, ಹಾಗಾಗಿ ಹೊಸ ಅಕೌಂಟಿಗೆ ಮೊದಲು ಚಿಕ್ಕ ಮೊತ್ತ ಹಾಕಿ ಸೇರಿದ ಮೇಲೆ ಉಳಿದಿದ್ದು ಹಾಕಿ. ಅಮೆರಿಕದಲ್ಲಿರೋರಿಗೆ ಎರಡು ವಿಷ್ಯ, ಹೊರದೇಶಕ್ಕೆ ದುಡ್ಡು ಕಳಿಸೋದಕ್ಕಿರೋ ಅಲ್ಲಿನ ರೆಮಿಟೆನ್ಸ್ ನಿಯಮದ ಪ್ರಕಾರ ದುಡ್ಡು ಕಟ್ಟೋ ಮುಂಚೆನೇ ಫೀಸು, ರೇಟು, ಸೇರೋ ಮೊತ್ತ ತೋರಿಸ್ಬೇಕು, ಕಟ್ಟಿದ ಮೇಲೂ ಸಾಮಾನ್ಯವಾಗಿ 30 ನಿಮಿಷದೊಳಗೆ ಕ್ಯಾನ್ಸಲ್ ಮಾಡಬಹುದು. ಎರಡನೇದು, 2026ರಿಂದ ಕ್ಯಾಶ್, ಮನಿ ಆರ್ಡರ್ ಥರದ್ದು ಕೊಟ್ಟು ಹೊರದೇಶಕ್ಕೆ ಕಳಿಸಿದ್ರೆ 1% ತೆರಿಗೆ ಇದೆ, ಬ್ಯಾಂಕ್ ಅಕೌಂಟಿಂದ ಕಳಿಸಿದ್ರೆ ಅದು ಇಲ್ಲ.

ಕೊನೆಗೆ ಎಲ್ಲರೂ ಪಿಸುಮಾತಲ್ಲಿ ಕೇಳೋದು, "ಇಲ್ಲೊಬ್ರು ಗೊತ್ತಿರೋರಿದಾರೆ, ಇವ್ರಿಗೆ ಇಲ್ಲಿ ಕ್ಯಾಶ್ ಕೊಟ್ರೆ ಅಲ್ಲಿ ಮನೆಗೆ ಹಾಕಿಸ್ತಾರೆ, ಬ್ಯಾಂಕಿಗಿಂತ ಒಳ್ಳೆ ರೇಟು". ಒಳ್ಳೆ ರೇಟ್ ಯಾಕೆ ಕೊಡ್ತಾರೆ ಅಂತ ಒಂದು ನಿಮಿಷ ಯೋಚಿಸಿ. ಆ ಕಡೆ ಮನೆಯವರ ಅಕೌಂಟಿಗೆ ಬೀಳೋ ದುಡ್ಡು ನಿಮ್ಮದಲ್ಲ, ಯಾರದೋ, ಎಲ್ಲಿಂದ ಬಂತೋ, ಅದು ಯಾವುದೋ ಮೋಸದ ಕೇಸಿನ ದುಡ್ಡಾಗಿದ್ರೆ ಫ್ರೀಜ್ ಆಗೋದು ಮನೆಯವರ ಅಕೌಂಟು, ಪೊಲೀಸರಿಗೆ ಉತ್ತರ ಹೇಳೋರು ವಯಸ್ಸಾದ ಅಪ್ಪ ಅಮ್ಮ. ನಿಮ್ಮ ಕೈಲಿ ಒಂದು ರಸೀದಿಯೂ ಇರಲ್ಲ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ, ಯಾರು ತಿಂತಿದಾರೆ ಅಂತ ಕಂಡುಹಿಡಿಯೋದು ಹೇಗೆ. ಮುಂದಿನ ಸಲ ಕಳಿಸೋ ಹೊತ್ತಲ್ಲಿ ಮಿಡ್ ರೇಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಕಳಿಸಿದ ಮೇಲೆ ನಿಮ್ಮ ಬ್ಯಾಂಕಲ್ಲಿ ಆ ಪೇಮೆಂಟಿನ ಸ್ವಿಫ್ಟ್ ಕಾಪಿ, ಅಂದ್ರೆ ಬ್ಯಾಂಕ್ ಕಳಿಸಿದ ಸಂದೇಶದ ನಕಲು, ಕೊಡಿ ಅಂತ ಕೇಳಿ, ಯುಇಟಿಆರ್ ನಂಬರೂ ಕೇಳಿ, ಅದು 36 ಕ್ಯಾರೆಕ್ಟರಿನ ಉದ್ದದ್ದು, ಪ್ರತಿ ಸ್ವಿಫ್ಟ್ ಪೇಮೆಂಟಿಗೂ ಬೇರೆ ಬೇರೆ ಇರುತ್ತೆ, ಅದರಿಂದ ದುಡ್ಡು ಯಾವ ಯಾವ ಬ್ಯಾಂಕಲ್ಲಿ ನಿಂತು ಹೋಯ್ತು, ಎಲ್ಲಿ ಎಷ್ಟು ಕಟ್ ಆಯ್ತು ಅಂತ ಬ್ಯಾಂಕಿನವ್ರು ಹುಡುಕಬಹುದು. ಕೌಂಟರಲ್ಲಿರೋರಿಗೆ ಗೊತ್ತಿಲ್ಲದೇ ಇರಬಹುದು, ಮೇಲ್ ಬರೆದು ಕೇಳಿ. ಕಾಪಿ ಬಂದ ಮೇಲೆ ಅದರಲ್ಲಿ ಕರೆನ್ಸಿ ಯಾವುದು, ಮೊತ್ತ ಎಷ್ಟು ಅಂತ ನೋಡಿ. ಕಾಪೀಲಿ ಮನೆಯ ಕರೆನ್ಸೀನೇ ಇದ್ದು, ಆ ಮೊತ್ತಾನೇ ನಿಮ್ಮ ಸ್ಕ್ರೀನ್‌ಶಾಟಿನ ಲೆಕ್ಕಕ್ಕಿಂತ ಕಡಿಮೆ ಇದ್ರೆ ತಿಂದಿದ್ದು ನಿಮ್ಮ ಬ್ಯಾಂಕು, ರೇಟಲ್ಲಿ. ಮೊತ್ತ ಸರಿಯಾಗೇ ಹೊರಟು ಆ ಕಡೆ ಬ್ಯಾಂಕಿಗೆ ಮುಟ್ಟುವಾಗ ಕಡಿಮೆ ಆಗಿದ್ರೆ ದಾರೀಲಿರೋರು. ಬ್ಯಾಂಕಿಗೆ ಸರಿಯಾಗಿ ಮುಟ್ಟಿ ಮನೆಯವರ ಪಾಸ್‌ಬುಕ್ಕಲ್ಲಿ ಮಾತ್ರ ಕಡಿಮೆ ಬಂದಿದ್ರೆ ಅದು ಆ ಬ್ಯಾಂಕಿನ ಇನ್‌ವರ್ಡ್ ರೆಮಿಟೆನ್ಸ್ ಚಾರ್ಜು, ಅಂದ್ರೆ ಹೊರಗಿಂದ ಬಂದ ದುಡ್ಡಿಗೆ ಹಾಕೋ ಚಾರ್ಜು, ಅಥವಾ ಅವ್ರು ಹಾಕಿದ ರೇಟು, ಇದು ಅವರ ಚಾರ್ಜಸ್ ಪಟ್ಟೀಲಿ ಇದೆಯಾ ಅಂತ ಮನೆಯವರ ಹತ್ರಾನೇ ಕೇಳಿಸಿ, ಯಾಕಂದ್ರೆ ಅಕೌಂಟ್ ಅವರ ಹೆಸರಲ್ಲಿರೋದ್ರಿಂದ ನೀವು ಇಲ್ಲಿಂದ ಎಷ್ಟು ಸಲ ಫೋನ್ ಮಾಡಿದ್ರೂ ಬ್ಯಾಂಕಿನವ್ರು ನಿಮ್ಮ ಜೊತೆ ಮಾತಾಡಲ್ಲ.