ಹಕ್ಕಿಯೂ ರೂಕ್, ಚದುರಂಗದ ಆನೆಯೂ ರೂಕ್

ಕಳೆದ ತಿಂಗಳು ಒಂದು ಮಕ್ಕಳ ಕಥೆಯ ಅನುವಾದ ತಿದ್ದೋಕೆ ಅಂತ ನನ್ನ ಕೈಗೆ ಬಂತು. ಇಂಗ್ಲೆಂಡಿನ ಒಂದು ಹಳ್ಳಿ, ಚರ್ಚಿನ ಹಿಂದೆ ಎತ್ತರದ ಮರಗಳು, ಸಂಜೆ ಹೊತ್ತು. ‘ಕತ್ತಲಾಗುವ ಮುಂಚೆ ಆನೆಗಳು ಮರಕ್ಕೆ ಮರಳಿದವು’ ಅಂತ ಕನ್ನಡದಲ್ಲಿ ಬರೆದಿತ್ತು. ಮೂಲದಲ್ಲಿದ್ದ ಪದ ರೂಕ್. ಅನುವಾದಕಿ ನಿಘಂಟು ತೆರೆದಿದ್ದಾರೆ, ಚದುರಂಗದ ಕಾಯಿ ಅಂತ ಸಿಕ್ಕಿದೆ, ಆ ಕಾಯಿಗೆ ನಮ್ಮ ಮನೆಗಳಲ್ಲಿ ಆನೆ ಅಂತಾರೆ ಅನ್ನೋದೂ ನೆನಪಾಗಿದೆ. ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯೇ. ಬೇರೆ ಬೇರೆ ಪದಗಳು ಒಂದೇ ಅಕ್ಷರಗಳನ್ನು ಹಂಚಿಕೊಂಡಿರಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮೊದಲು ಹಕ್ಕಿ. ಇದು ಕಾಗೆಯ ಜಾತಿ. ಮೈಯೆಲ್ಲ ಕಪ್ಪು, ಕೊಕ್ಕಿನ ಬುಡದಲ್ಲಿ ಮಾತ್ರ ಗರಿ ಇಲ್ಲದ ಬೂದು ಬಣ್ಣದ ಚರ್ಮ. ಮರದ ತುದಿಯಲ್ಲಿ ಹತ್ತಾರು ಗೂಡು ಒಟ್ಟಿಗೆ ಕಟ್ಟಿಕೊಂಡು ಬದುಕುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದು ಹ್ರೋಕ್. ನಮ್ಮ ಕಡೆ ಈ ಹಕ್ಕಿ ಕಾಣೋದಿಲ್ಲ, ಹಾಗಾಗಿ ನಮಗೆ ಪರಿಚಯದ ಹೆಸರೂ ಇಲ್ಲ. ನಾನು ‘ರೂಕ್ ಕಾಗೆ’ ಅಂತ ಬರೆಯುತ್ತೇನೆ. ಸುಮ್ನೆ ‘ಕಾಗೆ’ ಅಂದುಬಿಟ್ಟರೆ, ಅದೇ ಕಥೆಯಲ್ಲಿ ಮುಂದೆ ಕ್ರೋ ಬರುತ್ತದೆ, ರೇವನ್ ಬರುತ್ತದೆ, ಆಗ ಮೂರಕ್ಕೂ ಒಂದೇ ಹೆಸರಾಗಿ ಕಥೆಯೇ ಕಲಸಿಹೋಗುತ್ತದೆ.

ಇನ್ನು ಚದುರಂಗದ ರೂಕ್. ಇದಕ್ಕೂ ಹಕ್ಕಿಗೂ ಸಂಬಂಧವೇ ಇಲ್ಲ. ಇದು ಪರ್ಷಿಯನ್ನರ ರುಖ್, ಅರಬ್ಬರ ಬಾಯಲ್ಲಿ ಹಾದು, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ. ನಮ್ಮ ಚತುರಂಗ ಸೇನೆಯಲ್ಲಿ ರಥ ಇತ್ತಲ್ವಾ, ಆ ರಥ ನಿಂತ ಜಾಗದಲ್ಲೇ ಈ ಕಾಯಿ ನಿಂತಿತು. ಆದರೆ ಯುರೋಪಿಗೆ ಹೋಗುವಷ್ಟರಲ್ಲಿ ಹೆಸರು ಉಳಿದು ರಥ ಕಣ್ಮರೆಯಾಯಿತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರ ಹೊತ್ತಿಗೆ ಸಿಕ್ಕ, 12ನೇ ಶತಮಾನದ ಚದುರಂಗದ ಕಾಯಿಗಳ ಚಿತ್ರ ಹುಡುಕಿ ನೋಡಿ. ಅಲ್ಲಿ ರೂಕ್ ಅಂದರೆ ಕತ್ತಿ ಗುರಾಣಿ ಹಿಡಿದು ನಿಂತ ಯೋಧ, ಕೆಲವರಂತೂ ಗುರಾಣಿಯ ಅಂಚನ್ನೇ ಹಲ್ಲಲ್ಲಿ ಕಚ್ಚಿಕೊಂಡಿದ್ದಾರೆ. ಕೋಟೆಯ ಬುರುಜಿನ ಆಕಾರ ಗಟ್ಟಿಯಾಗಿ ನಿಂತದ್ದು ಆಮೇಲೆ. ಫ್ರೆಂಚರು ಇವತ್ತಿಗೂ ಈ ಕಾಯಿಗೆ ಟೂರ್ ಅಂತಾರೆ, ಜರ್ಮನ್ನರು ಟುರ್ಮ್ ಅಂತಾರೆ, ಎರಡೂ ಬುರುಜೇ. ರಷ್ಯನ್ನರಿಗೆ ಇದು ದೋಣಿ, ಬಂಗಾಳಿಗಳಿಗೂ ನೌಕೆ.

ರಷ್ಯನ್ ಭಾಷೆಯಲ್ಲಿ ಆನೆ ಅನ್ನೋ ಕಾಯಿಯೂ ಇದೆ. ಆದರೆ ಅದು ನಾವು ಒಂಟೆ ಅನ್ನುವ ಕಾಯಿ, ಓರೆಯಾಗಿ ಹೋಗುತ್ತದೆ. ಮೈಸೂರಿನ ಮಗು ‘ಆನೆ ನಡೆಸಿದೆ’ ಅಂದರೆ ಕಾಯಿ ನೆಟ್ಟಗೆ ಹೋಗುತ್ತದೆ, ಮಾಸ್ಕೋದ ಮಗು ಅದೇ ಮಾತು ಹೇಳಿದರೆ ಕಾಯಿ ಮೂಲೆಗೆ ಹೋಗುತ್ತದೆ. ರಷ್ಯನ್ನಿನಿಂದ ಚದುರಂಗದ ಪುಸ್ತಕ ತರುವವರು ಇದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಪುಸ್ತಕದ ಆಟಗಳೆಲ್ಲ ಕೆಟ್ಟುಹೋಗುತ್ತವೆ. ಕೆಲವರು ರೂಕ್‌ಗೆ ‘ರಥ’ ಅಂತ ಬರೆಯುತ್ತಾರೆ. ಅದು ಹಳೆಯ ಅರ್ಥಕ್ಕೆ ಹತ್ತಿರ, ಒಪ್ಪುತ್ತೇನೆ. ಆದರೂ ಮಕ್ಕಳು ಹಲಗೆಯ ಮುಂದೆ ಕೂತು ಆನೆ ಅಂತಾನೇ ಹೇಳೋದು, ನನ್ನ ಆಯ್ಕೆಯೂ ಅದೇ.

ಮೂರನೆಯದು ಕ್ರಿಯಾಪದ. ಒಬ್ಬ ಇನ್ನೊಬ್ಬನನ್ನು ರೂಕ್ ಮಾಡಿದ ಅಂದರೆ ದುಡ್ಡಿನ ವಿಷಯದಲ್ಲಿ ಮೋಸ ಮಾಡಿದ ಅಂತ. ಇದು ಹಕ್ಕಿಯ ಕಡೆಯಿಂದ ಬಂದ ಅರ್ಥ. ಇಲ್ಲಿ ಕೆಲವರಿಗೆ ‘ಕಾಗೆ ಹಾರಿಸಿದ’ ಅಂತ ಬರೆಯುವ ಆಸೆ ಹುಟ್ಟುತ್ತದೆ, ಕಾಗೆಗೆ ಕಾಗೆ ಸರಿಹೋಯಿತಲ್ಲ ಅಂತ. ಬೇಡ. ಕಾಗೆ ಹಾರಿಸುವವನು ಸುಳ್ಳು ಹೇಳುತ್ತಾನೆ, ಜೇಬಿಗೆ ಕೈ ಹಾಕೋದಿಲ್ಲ. ರೂಕ್ ಮಾಡುವವನು ಟೋಪಿ ಹಾಕುತ್ತಾನೆ, ಪಂಗನಾಮ ಹಾಕುತ್ತಾನೆ.

ಈ ಹಕ್ಕಿಗಳ ಗೂಡುಗಳ ಗುಂಪಿಗೆ ರೂಕರಿ ಅಂತ ಹೆಸರು. ಪೆಂಗ್ವಿನ್‌ಗಳು ಗುಂಪಾಗಿ ಮರಿ ಮಾಡುವ ಜಾಗಕ್ಕೂ ಅದೇ ಪದ. ಹಳೆಯ ಲಂಡನ್ನಿನಲ್ಲಿ, ಸೇಂಟ್ ಜೈಲ್ಸ್ ಥರದ ಜಾಗಗಳಲ್ಲಿ, ಬಡವರು ಒತ್ತೊತ್ತಾಗಿ ಬದುಕುತ್ತಿದ್ದ ಕೊಳೆಗೇರಿಗೂ ಅದೇ. ಶಿಕಾಗೋದಲ್ಲಿ 1888ರಲ್ಲಿ ಎದ್ದ ಒಂದು ಕಟ್ಟಡದ ಹೆಸರೇ ರೂಕರಿ. ಮುಂಚೆ ಆ ಜಾಗದಲ್ಲಿದ್ದ ನಗರಾಡಳಿತದ ತಾತ್ಕಾಲಿಕ ಕಟ್ಟಡದಲ್ಲಿ ಹಕ್ಕಿಗಳು ಬೀಡುಬಿಟ್ಟಿದ್ದವು, ಅಲ್ಲಿ ಕೂರುವ ರಾಜಕಾರಣಿಗಳ ಮೇಲೂ ಜನಕ್ಕೆ ಅನುಮಾನ ಇತ್ತು. ಎರಡು ಅರ್ಥವೂ ಒಂದೇ ಹೆಸರಲ್ಲಿ ಕೂತಿವೆ. ಇಂಥದ್ದನ್ನು ಅನುವಾದಿಸಬಾರದು, ಹೆಸರು ಹಾಗೇ ಬಿಟ್ಟು ಒಂದು ಸಾಲು ವಿವರ ಕೊಡಬೇಕು.

ಚದುರಂಗದ ರೂಕ್ ಬುರುಜಿನ ಆಕಾರಕ್ಕೆ ಬಂತು ಅಂದೆನಲ್ಲ, ಬುರುಜಿಗೆ ಇಂಗ್ಲಿಷಿನಲ್ಲಿ ಟವರ್ ಅಂತಾರೆ. ಈ ಟವರ್ ಪದದ ವಿಷಯ ರೂಕ್‌ಗಿಂತ ಕಷ್ಟ, ಯಾಕೆಂದರೆ ಅದು ಸುಲಭ ಅಂತ ಅನಿಸುತ್ತದೆ. ಕೈ ತಾನಾಗಿ ‘ಗೋಪುರ’ ಅಂತ ಬರೆದುಬಿಡುತ್ತದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು, ಗುಡಿಯ ಟವರ್ ಈಗ ಇಲ್ಲ ಅಂತ ಬರೆಯುತ್ತಾರೆ. ಅವರು ಹೇಳೋದು ಗರ್ಭಗುಡಿಯ ಮೇಲಿದ್ದ ಶಿಖರದ ಮಾತು. ಅದನ್ನು ‘ಗೋಪುರ ಇಲ್ಲ’ ಅಂತ ಕನ್ನಡಕ್ಕೆ ತಂದರೆ, ಬಾಗಿಲಲ್ಲೇ ದೊಡ್ಡ ಗೋಪುರದ ಕೆಳಗೆ ದಾಟಿ ಒಳಗೆ ಹೋಗಿಬಂದ ಓದುಗರು ಏನಂದುಕೊಳ್ಳಬೇಕು? ಗೋಪುರ ಬಾಗಿಲಿನದು, ಶಿಖರ ಗುಡಿಯದು. ಇಂಗ್ಲಿಷಿಗೆ ಆ ಭೇದ ಬೇಕಿಲ್ಲ, ನಮಗೆ ಬೇಕು.

ಕೋಟೆಯ ಗೋಡೆಗೆ ಅಂಟಿದ ಟವರ್ ಬುರುಜು ಅಥವಾ ಕೊತ್ತಲ. ವಾಟರ್ ಟವರ್ ಅಂದರೆ ನಮ್ಮ ಓವರ್‌ಹೆಡ್ ಟ್ಯಾಂಕ್. ಮೈಸೂರಿನವರು ಕ್ಲಾಕ್ ಟವರ್‌ಗೆ ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ ಅಂತಾರೆ, ಅಲ್ಲಿ ಗೋಪುರದ ಮಾತೇ ಇಲ್ಲ, ಎಷ್ಟು ಚೆನ್ನಾಗಿದೆ ನೋಡಿ. ಕೋಟೆಯ ನಡುವಿನ ಗಟ್ಟಿ ಕಟ್ಟಡಕ್ಕೆ ಇಂಗ್ಲಿಷಿನಲ್ಲಿ ಕೀಪ್ ಅಂತಾರೆ, ‘ಇಟ್ಟುಕೋ’ ಅನ್ನುವ ಅದೇ ಕೀಪ್, ಗಮನ ಇಲ್ಲದಿದ್ದರೆ ಇಡೀ ವಾಕ್ಯ ತಲೆಕೆಳಗಾಗುತ್ತದೆ. ಬೆಲ್‌ಫ್ರಿ ಅಂದರೆ ಗಂಟೆ ಕಟ್ಟುವ ಜಾಗ ನಿಜ, ಆದರೆ ಮೊದಲು ಅದು ಕೋಟೆಗೆ ಲಗ್ಗೆ ಹಾಕೋಕೆ ತಳ್ಳಿಕೊಂಡು ಹೋಗುತ್ತಿದ್ದ ಮರದ ಅಟ್ಟಣೆ. ಗಂಟೆಗೆ ಇಂಗ್ಲಿಷಿನಲ್ಲಿ ಬೆಲ್ ಅಂತಾರಲ್ಲ, ಆ ನೆನಪಿನಿಂದ ಪದದ ನಡುವೆ ರಕಾರದ ಜಾಗಕ್ಕೆ ಲಕಾರ ಬಂತು. ಮಧ್ಯಯುಗದ ಯುದ್ಧದ ವರ್ಣನೆಯಲ್ಲಿ ಆ ಪದ ಬಂದರೆ ಗಂಟೆ ಹುಡುಕಬೇಡಿ.

ನಾವೂ ಟವರ್‌ಗೆ ಒಂದು ಹೊಸ ಅರ್ಥ ಕೊಟ್ಟಿದ್ದೇವೆ. ‘ಇಲ್ಲಿ ಟವರ್ ಸಿಗ್ತಿಲ್ಲ’ ಅಂದರೆ ಸಿಗ್ನಲ್ ಇಲ್ಲ ಅಂತ. ಇದನ್ನು ಇಂಗ್ಲಿಷಿಗೆ ಒಯ್ಯುವವರೂ ಎಚ್ಚರವಾಗಿರಬೇಕು.

ಆ ಮಕ್ಕಳ ಕಥೆಯ ಕೊನೆಯಲ್ಲಿ ಹುಡುಗಿ ಟವರ್ ಆಫ್ ಲಂಡನ್‌ಗೆ ಹೋಗಿ ರೇವನ್‌ಗಳನ್ನು ನೋಡುತ್ತಾಳೆ. ಆ ಹಕ್ಕಿಗಳು ಹೋದರೆ ರಾಜ್ಯವೇ ಬೀಳುತ್ತದೆ ಅನ್ನೋ ನಂಬಿಕೆ ಇದೆ, ಅದಕ್ಕೇ ಅಲ್ಲಿ ಕಡಿಮೆ ಅಂದರೂ 6 ಹಕ್ಕಿಗಳನ್ನು ಸಾಕುತ್ತಾರೆ. ಕರಡಿನಲ್ಲಿ ‘ಲಂಡನ್ ಗೋಪುರದ ಕಾಗೆಗಳು’ ಅಂತಿತ್ತು. ಅದು ಒಂದೇ ಗೋಪುರ ಅಲ್ಲ, ಹಲವು ಬುರುಜುಗಳಿರುವ, ಸೆರೆಮನೆಯೂ ಆಗಿದ್ದ ಕೋಟೆ. ಅನುವಾದಕಿಯ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆ. ‘ಟವರ್ ಆಫ್ ಲಂಡನ್ ಕೋಟೆಯ ರೇವನ್ ಕಾಗೆಗಳು’ ಅಂತ ಆಯಿತು. ಸ್ವಲ್ಪ ಉದ್ದ, ನಿಜ. ಮರಕ್ಕೆ ಮರಳಿದ ರೂಕ್ ಕಾಗೆಗಳಿಗೂ ಇವಕ್ಕೂ ವ್ಯತ್ಯಾಸ ಇದೆ ಅಂತ ಮಗುವಿಗೆ ಗೊತ್ತಾಗಲಿ ಅಂತ ಅದನ್ನೇ ಉಳಿಸಿಕೊಂಡೆವು.