ಮುಚ್ಚಿದ ಕೋಣೆ, ಮದುವೆಯಾದ ಹೆಣ್ಣು

ದೆವ್ವದ ಚಿತ್ರಗಳನ್ನು ಬಿಡಿಸಿ ನೋಡಲು ವಿಮರ್ಶಕರು ಬಳಸುವ ಹತಾರಗಳಲ್ಲಿ ಹಳೆಯದು ಬಂದದ್ದು ಸಿನಿಮಾದಿಂದಲ್ಲ, ಅಜ್ಜಿಕತೆಯಿಂದ. 1928ರಲ್ಲಿ ರಷ್ಯಾದ ವ್ಲಾದಿಮಿರ್ ಪ್ರಾಪ್ ನೂರು ಮಾಯಾಕತೆಗಳನ್ನು ಮುಂದಿಟ್ಟುಕೊಂಡು, ಪಾತ್ರಗಳು ಎಷ್ಟೇ ವೇಷ ಬದಲಿಸಿದರೂ ಒಳಗಿನ ಕ್ರಿಯೆಗಳು 31 ಮಾತ್ರ ಎಂದು ತೋರಿಸಿದರು. ಮನೆಯವರೊಬ್ಬರು ಹೊರಡುತ್ತಾರೆ, ‘ಆ ಬಾಗಿಲು ತೆಗೆಯಬೇಡ’ ಎಂಬಂಥ ಕಟ್ಟಪ್ಪಣೆ ಬರುತ್ತದೆ, ಯಾರೋ ತೆಗೆದೇ ಬಿಡುತ್ತಾರೆ. ಅರ್ಧ ದೆವ್ವದ ಚಿತ್ರ ಇಲ್ಲಿಗೇ ಸಿದ್ಧ. ಪ್ರಾಪ್ ಪಟ್ಟಿಯ ಕೊನೆಯ ಕ್ರಿಯೆ ಮದುವೆ. ನಾಯಕನಿಗೆ ರಾಜಕುಮಾರಿ, ಸಿಂಹಾಸನ, ಶುಭಂ.

ಈ ಶುಭಂ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂದವರು ಎ.ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅವರು ಈ ಸೀಮೆಯ ಜನಪದ ಕತೆಗಳನ್ನು ಕೇಳಿ ಬರೆದುಕೊಂಡರು. ಗಂಡು ನಾಯಕನಾದರೆ ಕತೆ ಮದುವೆಯಲ್ಲಿ ಮುಗಿಯುತ್ತದೆ, ಹೆಣ್ಣು ನಾಯಕಿಯಾದರೆ ಕಷ್ಟ ಮೊದಲಾಗುವುದೇ ಮದುವೆಯ ನಂತರ ಎಂಬುದು ಮುಂದೆ ಅವರು ಮಂಡಿಸಿದ ವಾದ. ಬೀಸುವ ಕಲ್ಲಿನ ಪದ ಕೇಳಿದವರಿಗೆ ಇದು ಹೊಸ ಸುದ್ದಿಯೇನಲ್ಲ.

ಸಿನಿಮಾ ವಿಮರ್ಶೆಯಲ್ಲಿ ಹೆಣ್ಣು-ಗಂಡಿನ ಪ್ರಶ್ನೆ ಕಾವೇರಿದ್ದು 1975ರಲ್ಲಿ, ಹಾಲಿವುಡ್ ಕ್ಯಾಮೆರಾ ಹೆಣ್ಣನ್ನು ಗಂಡಿನ ಕಣ್ಣಿನಿಂದಲೇ ನೋಡುತ್ತದೆ ಎಂದು ಬ್ರಿಟನ್ನಿನ ಲಾರಾ ಮಲ್ವಿ ಬರೆದಾಗ. 1987ರಲ್ಲಿ ಅಮೆರಿಕದ ಕ್ಯಾರಲ್ ಕ್ಲೋವರ್ ಮಾತನ್ನು ಬೇರೆ ದಿಕ್ಕಿಗೆ ತಿರುಗಿಸಿದರು: ಸರಣಿ ಕೊಲೆಯ ಭಯದ ಚಿತ್ರಗಳಲ್ಲಿ ಕೊಲೆಗಾರನಿಂದ ಎಲ್ಲರೂ ಸತ್ತ ಮೇಲೆ ಕೊನೆಗೆ ಉಳಿದು ತಿರುಗಿ ಬೀಳುವವಳು ಒಬ್ಬ ಹುಡುಗಿ, ಗಂಡು ಪ್ರೇಕ್ಷಕರೂ ಅವಳ ಪಕ್ಷ ವಹಿಸುತ್ತಾರೆ. ಹೆಣ್ಣು ಬರೀ ಬಲಿಯಲ್ಲ, ಹೆದರಿಸುವವಳೂ ಅವಳೇ ಎಂದು 1993ರಲ್ಲಿ ಆಸ್ಟ್ರೇಲಿಯಾದ ಬಾರ್ಬರಾ ಕ್ರೀಡ್ ಸೇರಿಸಿದರು.

ಕ್ಲೋವರ್ ಕಂಡ ಹುಡುಗಿ ನಮ್ಮ ಚಿತ್ರಗಳಲ್ಲಿ ಅಪರೂಪ. ನಮ್ಮಲ್ಲಿ ಹೆಣ್ಣುದೆವ್ವಕ್ಕೆ ಸಾಮಾನ್ಯವಾಗಿ ಒಂದು ಅಹವಾಲು ಇರುತ್ತದೆ. 1993ರ ಮಲಯಾಳಂ ಚಿತ್ರದಿಂದ ಬಂದ ‘ಆಪ್ತಮಿತ್ರ’ವನ್ನೇ (2004) ನೋಡಿ. ಬೇಡವೆಂದ ಕೋಣೆಯ ಬಾಗಿಲು ತೆಗೆಯುವವಳು ಗಂಗಾ. ಹೊರಗೆ ಹೋಗಬೇಡ ಎಂದು ಗಂಡ ತಡೆದಾಗ ಅವಳ ದನಿ ಒಡೆಯುತ್ತದೆ, ಕಣ್ಣು ಕೆಂಪಾಗುತ್ತದೆ, ಭಾರದ ಮಂಚ ಮೇಲೇಳುತ್ತದೆ. ಅಷ್ಟು ಹೊತ್ತು ಮೆತ್ತಗಿದ್ದವಳಿಗೆ ‘ಇಲ್ಲ’ ಎನ್ನುವ ಕಸುವು ಬರಬೇಕಾದರೆ ಆ ಕೋಣೆಯ ಸತ್ತ ನರ್ತಕಿ ನಾಗವಲ್ಲಿ ಆಗಲೇಬೇಕು. ಕೊನೆಗೆ ಮನೋವೈದ್ಯ ಬಂದು ಮನೆಯನ್ನು ಹಳಿಗೆ ತರುತ್ತಾನೆ. ಜನ ಚಿತ್ರಮಂದಿರದಿಂದ ಹೊತ್ತುಕೊಂಡು ಬಂದದ್ದು ಮಾತ್ರ ವೈದ್ಯನನ್ನಲ್ಲ, ನಾಗವಲ್ಲಿಯನ್ನು.

ಬೆಳಗಾವಿಯಲ್ಲಿ ಕುಳಿತು ಈ ವಿಷಯಕ್ಕೆ ಪ್ರಬಂಧ ಬರೆಯುವ ವಿದ್ಯಾರ್ಥಿ ಮಲ್ವಿಗಿಂತ ಮೊದಲು ರಾಮಾನುಜನ್ ಅವರನ್ನು ಓದುವುದು ಒಳ್ಳೆಯದು ಎಂದು ನನಗೆ ಅನಿಸುವುದು 1979ರ ‘ನಾ ನಿನ್ನ ಬಿಡಲಾರೆ’ಯಿಂದಾಗಿ. ಅಲ್ಲಿ ಹೆಣ್ಣುದೆವ್ವ ಹೊಕ್ಕುವುದು ಗಂಡಸಿನ ಮೈಯನ್ನು. ನಡೆ, ನೋಟ, ದನಿ ಎಲ್ಲದರಲ್ಲೂ ಆ ದೆವ್ವ ಕಾಮಿನಿಯಾಗುವವರು ಅನಂತ್ ನಾಗ್. ಗಂಡನನ್ನು ಬಿಡಿಸಿಕೊಳ್ಳಲು ಹೆಣಗುವವಳು ಹೆಂಡತಿ, ಆ ಪಾತ್ರದಲ್ಲಿ ನಟಿ ಲಕ್ಷ್ಮಿ. ದಾರಿ ಕಾಣಿಸಲು ರಾಘವೇಂದ್ರ ಸ್ವಾಮಿಗಳಿದ್ದಾರೆ, ನಿಜ. ಆದರೂ ಮದುವೆಯ ನಂತರದ ಕಷ್ಟ, ಗಂಡನನ್ನು ಮರಳಿ ಪಡೆಯುವ ಹೆಂಡತಿ, ಎರಡೂ ರಾಮಾನುಜನ್ ಹೇಳಿದ ಹೆಣ್ಣುಕತೆಯವು. ಪ್ರಾಪ್ ಲೆಕ್ಕದಲ್ಲಿ ಹುಡುಕಿದರೆ ಆ ಚಿತ್ರದ ನಾಯಕ ಲಕ್ಷ್ಮಿ.